ಬಲ್ಬಿನ ಬೆನ್ನು

ನಮ್ಮ ಮನೆಯಲ್ಲಿ ಲೈಟು ಹಾಕುವುದು ನನ್ನ ಕೆಲಸ, ಆರಿಸುವುದು ನನ್ನ ಗಂಡನ ಕೆಲಸ. ಯಾರೂ ಹಂಚಿಕೊಟ್ಟದ್ದಲ್ಲ, ಮದುವೆಯಾದಾಗಿನಿಂದ ಹಾಗೇ ನಡೆದುಬಂದಿದೆ. ನಾನು ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಬೆನ್ನ ಹಿಂದೆ ಸ್ವಿಚ್ಚಿನ ಸಪ್ಪಳ ಕೇಳುತ್ತದೆ. ತಿರುಗಿ ನೋಡಿದರೆ ಒಲೆಯ ಮೇಲಿನ ಬೇಳೆ ಕತ್ತಲಲ್ಲಿ ಕುದಿಯುತ್ತಿರುತ್ತದೆ. "ನಾ ಮತ್ತ ಒಳಗ ಹೋಗ್ಬೇಕ್ರಿ" ಅಂದರೆ, "ಹೋದಾಗ ಹಚ್ಚು. ಖಾಲಿ ಖೋಲಿಗಿ ಬೆಳಕು ಯಾಕ?" ಎನ್ನುತ್ತಾರೆ. ಯಾದಗಿರಿಯ ಈ ಸ್ವಂತ ಮನೆಗೆ ಬಂದ ಮೇಲೂ ಅವರ ಕೈ ಸುಮ್ಮನಿಲ್ಲ. ಈಗ ಒಂದು ಮಿತಿಯವರೆಗೆ ಕರೆಂಟು ಪುಕ್ಕಟೆ ಎಂದು ನೆನಪಿಸಿದರೆ, "ಮುಫತ್ ಸಿಗ್ತದಂತ ಸುರುವೋದೇನು?" ಎಂದು ನನಗೇ ಪಾಠ ಹೇಳುತ್ತಾರೆ.

ಅವರು ಗುಮಾಸ್ತರು. ಆಫೀಸಿನ ಲೆಕ್ಕ ಸಾಲದೆಂದು ಮನೆಯಲ್ಲೂ ಲೆಕ್ಕ ಹುಡುಕುವ ಜೀವ. ನಾವು ಶಹಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನಾನು ದಿನಾ ಬೆಳಿಗ್ಗೆ ಟಂಟಂ ಆಟೋ ಹಿಡಿದು ಗೋಗಿಯ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದೆ. ಸಂಜೆ ಬಂದರೆ ಮನೆಯ ದೀಪಗಳು ಬದಲಾಗಿರುತ್ತಿದ್ದವು. ಯಾವ ಬಲ್ಬು ಎಷ್ಟು ತಿನ್ನುತ್ತದೆ ಎಂದು ನೋಡಲು ಅವರು ಒಂದು ತಿಂಗಳು ಹಳೆಯ ಗಾಜಿನ ಬಲ್ಬು, ಮರು ತಿಂಗಳು ಟ್ಯೂಬ್‌ಲೈಟು, ಆಮೇಲೆ ಸುರುಳಿ ಬಲ್ಬು, ಕೊನೆಗೆ ಎಲ್‌ಇಡಿ ಎಂದು ಪರೀಕ್ಷೆ ನಡೆಸಿದರು. ಮೀಟರ್ ಓದುವವನು ಬಂದರೆ ಅವನ ಪಕ್ಕ ನಿಂತು ತಾವೂ ಓದುತ್ತಿದ್ದರು. ಮನೆಗೆ ಬಂದವರು ಚಹಾ ಕುಡಿದು ಹೋಗುವ ಮೊದಲು ಈ ಪರೀಕ್ಷೆಯ ಫಲಿತಾಂಶ ಕೇಳಲೇಬೇಕಾಗಿತ್ತು.

ಕೇಳಿ ಕೇಳಿ ಅದು ನನಗೂ ಬಾಯಿಪಾಠ. ಅರವತ್ತು ವ್ಯಾಟಿನ ಗಾಜಿನ ಬಲ್ಬನ್ನು ಸಂಜೆ ನಾಲ್ಕು ತಾಸು ಹಚ್ಚಿದರೆ ನಾಲ್ಕು ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್ಟು ಖಲಾಸ್. ಉದ್ದನೆಯ ಟ್ಯೂಬ್‌ಲೈಟು ಅದರ ಚೋಕ್ ತಿನ್ನುವುದನ್ನೂ ಸೇರಿಸಿದರೆ ಅದೇ ಯೂನಿಟ್ಟಿನಲ್ಲಿ ಒಂದು ದಿನ ಹೆಚ್ಚು ಬಂದೀತು, ಆದರೆ ಬೆಳಕು ಕೊಡುವುದು ಬಹಳ. ಸುರುಳಿ ಬಲ್ಬು ಅದೇ ಒಂದು ಯೂನಿಟ್ಟಿನಲ್ಲಿ ಎರಡು ವಾರ ದಾಟುತ್ತದೆ. ಎಲ್‌ಇಡಿಯಂತೂ ಹೆಚ್ಚುಕಡಿಮೆ ಒಂದು ತಿಂಗಳು. ಗಾಜಿನ ಬಲ್ಬು ತಿಂದದ್ದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಕಾವಾಗಿ ಹೋಗುತ್ತದೆ, ಬೆಳಕಾಗುವುದು ಚೂರು ಮಾತ್ರ. "ಅದು ಬಲ್ಬಲ್ಲ, ಒಲಿ" ಎಂಬುದು ಅವರ ತೀರ್ಮಾನವಾಗಿತ್ತು.

ನಾನು ಎಷ್ಟು ಚೇಷ್ಟೆ ಮಾಡಿದರೂ ಆ ಲೆಕ್ಕ ಸುಳ್ಳಲ್ಲ. ನಮ್ಮ ಮನೆಯ ಬಿಲ್ಲು ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಲೆಕ್ಕ ಎಡವಿದ್ದು ಒಂದೇ ಕಡೆ, ನನ್ನ ತವರುಮನೆಯಲ್ಲಿ.

ನನ್ನ ತವರು ಸುರಪುರದಿಂದ ದೇವಾಪುರ ದಾಟಿ ಹೊಳೆಯ ಕಡೆ ಹೋದರೆ ಸಿಗುವ ಊರು. ಎರಡು ಖೋಲಿಯ ಕಲ್ಲಿನ ಮನೆ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಹಿಂದಿನ ಖೋಲಿಯ ಗೋಡೆಯೇ ಬಾಜೂ ಮನೆಯ ಗೋಡೆ ಕೂಡ. ಆ ಮನೆಯಲ್ಲಿ ಇರುವಾಕೆಯನ್ನು ನಾನು ದೊಡ್ಡವ್ವ ಎನ್ನುತ್ತೇನೆ. ರಕ್ತಸಂಬಂಧವೇನೂ ಇಲ್ಲ. ಅವರು ಹೊಳೆಯಲ್ಲಿ ಮೀನು ಹಿಡಿಯುವ ಮನೆತನದವರು, ನಾವು ಹೊಲದವರು. ಅವ್ವ ಆಕೆಯನ್ನು "ಯಕ್ಕಾ" ಎನ್ನುತ್ತಾಳೆ, ಹಾಗಾಗಿ ನನಗೆ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಆಕೆ ಊರ ಮೀನುಗಾರರ ಹರಿದ ಬಲೆಗಳನ್ನು ಹೊಲಿದುಕೊಟ್ಟು ಬದುಕಿದಾಕೆ. ಹಗಲು ಹೊಲದ ಕೂಲಿ, ಹೊತ್ತು ಮುಳುಗಿದ ಮೇಲೆ ಬಲೆ. ಬೆಳಕಿಲ್ಲದೆ ಆ ಕೆಲಸ ಆಗುವುದಿಲ್ಲ, ಬಲೆಯ ಕಣ್ಣು ಒಂದು ತಪ್ಪಿದರೆ ಸಾಲೆಲ್ಲ ಸೊಟ್ಟ.

ಆ ನಡುಗೋಡೆಯಲ್ಲಿ ಒಂದು ಗೂಡಿದೆ. ಎಲ್ಲ ಮನೆಗಳಲ್ಲೂ ಚಿಮಣಿ ದೀಪ ಇಡಲು ಗೋಡೆಯಲ್ಲಿ ಗೂಡು ಇರುತ್ತದೆ, ಅದಕ್ಕೆ ಹಿಂದೆ ಕಲ್ಲೂ ಇರುತ್ತದೆ. ನಮ್ಮದಕ್ಕೆ ಹಿಂದಿನ ಕಲ್ಲಿಲ್ಲ, ಈ ಕಡೆಯಿಂದ ಆ ಕಡೆ ಆರಪಾರು. ನಾನು ಕಣ್ಣುಬಿಟ್ಟಾಗಿನಿಂದ ಅದು ಹಾಗೇ ಇರುವುದರಿಂದ, ಮನೆ ಕಟ್ಟಿದವರೇ ಹಾಗೆ ಕಟ್ಟಿರಬೇಕೆಂದು ತಿಳಿದಿದ್ದೆ. ಅದರೊಳಗಿಂದ ಉಪ್ಪು, ಬೆಂಕಿಪೆಟ್ಟಿಗೆ, ಬಿಸಿ ರೊಟ್ಟಿ, ಮೀನಿನ ಸಾರು ಎಲ್ಲ ಆಚೀಚೆ ಹೋಗುತ್ತಿದ್ದವು. ಅವ್ವನಿಗೆ ಮುಂಬಾಗಿಲಿಗಿಂತ ಆ ಗೂಡೇ ಹೆಚ್ಚು ಬಳಕೆಯಲ್ಲಿತ್ತು.

ಬಡವರ ಮನೆಗೆ ಒಂದು ಬಲ್ಬು ಎಂದು ಸರ್ಕಾರ ಕರೆಂಟು ಕೊಟ್ಟಾಗ ನಮ್ಮ ಮನೆಗೆ ಬಂತು, ದೊಡ್ಡವ್ವನ ಮನೆಗೆ ಬರಲಿಲ್ಲ. ಆ ಮನೆಯ ಕಾಗದ ಆಕೆಯ ಮೈದುನನ ಹೆಸರಿನಲ್ಲಿತ್ತು, ಅವನು ಊರು ಬಿಟ್ಟು ಎಲ್ಲೋ ಇದ್ದ. ಅವ್ವ ವೈರಿಂಗಿನವನಿಗೆ ಬಲ್ಬನ್ನು ಗೂಡಿನಲ್ಲೇ ಕೂಡಿಸು ಎಂದಳು. ಅವನು ಹೋಲ್ಡರನ್ನು ದೊಡ್ಡವ್ವನ ಕಡೆಯ ಅಂಚಿಗೆ ಬಡಿದು, ಬಲ್ಬಿನ ಮುಖ ನಮ್ಮ ಕಡೆ ಮಾಡಿ ಮಲಗಿಸಿದ. ದುಂಡನೆಯ ಗಾಜಿನ ಬಲ್ಬಿಗೆ ಮುಖವೇನು, ಹಿಂಭಾಗವೇನು? ಸುತ್ತಲೂ ಉರಿಯುತ್ತಿತ್ತು. ಈ ಕಡೆ ಅವ್ವನ ರೊಟ್ಟಿ, ಆ ಕಡೆ ದೊಡ್ಡವ್ವನ ಬಲೆ, ಎರಡೂ ಒಂದೇ ಬಲ್ಬಿನಲ್ಲಿ ನಡೆದವು. ನಮ್ಮ ಕಡೆ ಹಾಕಿದರೆ ಅವರ ಕಡೆಯೂ ಹತ್ತುತ್ತಿತ್ತು, ಬಲೆಯ ಕೆಲಸ ಮುಗಿಯಿತೆಂದು ದೊಡ್ಡವ್ವ ಗೂಡಿನೊಳಗಿಂದ ಹೇಳುವವರೆಗೂ ಅವ್ವ ಆರಿಸುತ್ತಿರಲಿಲ್ಲ.

ಎಲ್‌ಇಡಿ ಹೊಸದಾಗಿ ಊರೂರಿಗೆ ಬಂದ ಕಾಲದಲ್ಲಿ ನನ್ನ ಗಂಡನಿಗೆ ಅತ್ತೆಯ ಮನೆಯ ಕರೆಂಟಿನ ಚಿಂತೆ ಹತ್ತಿತು. ಆಗ ನನ್ನ ತಮ್ಮನ ಮದುವೆಯಾಗಿ ಆ ಮನೆಗೆ ಫ್ಯಾನು, ಟಿವಿ ಬಂದಿದ್ದವು. ಒಂದು ಮಿತಿ ದಾಟಿದರೆ ಬಿಲ್ಲು ಬರುತ್ತದೆ, ಅದು ದಾಟಬಾರದು ಎಂಬುದು ಅವರ ಕಾಳಜಿ. ಬೇಸಿಗೆ ರಜೆಗೆ ಊರಿಗೆ ಹೋದಾಗ ಒಂದು ಎಲ್‌ಇಡಿ ಬಲ್ಬು ಒಯ್ದರು. ಹಗಲಿನಲ್ಲೇ ಗೂಡಿನಿಂದ ಹಳೆಯದನ್ನು ಬಿಚ್ಚಿದರು. ವರ್ಷಗಟ್ಟಲೆ ಅಲ್ಲಾಡದ ಬಲ್ಬು ಅದು, ಬಿಚ್ಚುವಾಗಲೇ ಒಳಗಿನ ತಂತಿ ಹರಿಯಿತು. "ನೋಡು, ಹೋಗೂ ಕಾಲಕ್ಕ ಬಂದಿತ್ತು" ಎಂದು ಹೊಸದನ್ನು ತಿರುಗಿಸಿ ಕೂಡಿಸಿದರು. ಸಂಜೆ ಅವ್ವ ಸ್ವಿಚ್ಚು ಹಾಕಿದಾಗ ನಮ್ಮ ಖೋಲಿಯಲ್ಲಿ ಹಾಲು ಚೆಲ್ಲಿದಂತಹ ಬೆಳಕು. ಜೋಳದ ಹಿಟ್ಟಿನಲ್ಲಿದ್ದ ಹುಳು ಕೂಡ ಕಾಣುತ್ತದೆ ಎಂದು ಅವ್ವ ನಕ್ಕಳು. ಅಳಿಯನ ಎದುರಿಗೆ ನಿಂತು ಮಾತಾಡುವ ರೂಢಿ ಆಕೆಗಿಲ್ಲ. ಬಾಗಿಲ ಮರೆಯಿಂದಲೇ, "ಭಾಳ ಛಲೋ ಆತಂತ ಹೇಳವಾ" ಎಂದು ನನ್ನ ಮೂಲಕ ಹೇಳಿಸಿದಳು. ಅವರು ಆ ಸಂಜೆ ಎರಡು ರೊಟ್ಟಿ ಹೆಚ್ಚೇ ತಿಂದರು.

ಮರುದಿನ ಬೆಳಿಗ್ಗೆ ಅವರು ಶಹಾಪುರಕ್ಕೆ ವಾಪಸಾದರು, ನಾನು ಉಳಿದೆ. ಆ ದಿನದಿಂದ ಗೂಡಿನಲ್ಲಿ ಮಾತು ನಿಂತಿತು. ಅವ್ವ ಪುಂಡಿಪಲ್ಯ ಮಾಡಿ ಬಟ್ಟಲನ್ನು ಗೂಡಿನಲ್ಲಿಟ್ಟು ಕೂಗಿದರೆ ಆ ಕಡೆಯಿಂದ ಕೈ ಬಂತು, ಬಟ್ಟಲು ಹೋಯಿತು, ಮಾತು ಬರಲಿಲ್ಲ. ಮತ್ತೊಂದು ಸಂಜೆ ನೋಡಿದರೆ ಆ ಕಡೆಯ ಅಂಚಿಗೆ ಗೋಣಿಚೀಲ ಇಳಿಬಿಟ್ಟಿತ್ತು.

ಅವ್ವ ಅದನ್ನು ನೋಡುತ್ತ ನಿಂತೇಬಿಟ್ಟಳು. "ಚೀಲ ಹಾಕ್ಯಾಳಲ್ಲ. ನಾ ಏನಂದೆ ಆಕಿಗಿ?" ಎಂದಳು. ಮೀನು ಹಿಡಿಯುವವರಿಗೂ ಹೊಲದವರಿಗೂ ಊರಲ್ಲಿ ಜಗಳವಾದಾಗ ಕೂಡ ಆ ಗೂಡು ಮುಚ್ಚಿರಲಿಲ್ಲವಂತೆ. ಬೆಳಕು ಹೆಚ್ಚಾಗಿ ದೊಡ್ಡವ್ವನ ಕಣ್ಣಿಗೆ ಚುಚ್ಚುತ್ತಿರಬಹುದು ಎಂದು ನಾನು ಸಮಾಧಾನ ಹೇಳಿದೆ. ಆಕೆ ಒಪ್ಪಲಿಲ್ಲ. ಅಂದು ಅವ್ವನ ಊಟ ಅರ್ಧದಲ್ಲೇ ನಿಂತಿತು.

ಮರುದಿನ ಹೊತ್ತು ಮುಳುಗುವ ಮೊದಲು ನಾನು ಬೀದಿ ಸುತ್ತಿ ದೊಡ್ಡವ್ವನ ಮನೆಗೆ ಹೋದೆ. ಆ ಮನೆಗೆ ನಾನು ಬಾಗಿಲಿನಿಂದ ಹೋದದ್ದೇ ಅಪರೂಪ. ಆಕೆ ಹೊಸ್ತಿಲ ಹೊರಗೆ ಕೂತು, ಬಲೆಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಉಳಿದಷ್ಟು ಬೆಳಕಿನಲ್ಲಿ ಅವಸರದಿಂದ ಹೊಲಿಯುತ್ತಿದ್ದಳು.

"ಇಲ್ಯಾಕ ಕುಂತಿ, ದೊಡ್ಡವ್ವ?"

"ಹೊರಗ ಗಾಳಿ ಅದ."

ಗಾಳಿ ಎಲ್ಲಿತ್ತು? ಬೇಸಿಗೆಯ ಸಂಜೆ, ಬೇವಿನ ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನು ಒಳಗೆ ಹೋದೆ. ಅಷ್ಟರಲ್ಲಿ ಅವ್ವ ಆ ಕಡೆ ಸ್ವಿಚ್ಚು ಹಾಕಿದ್ದು ಕೇಳಿಸಿತು. ಗೋಣಿಚೀಲ ಎತ್ತಿದೆ. ಎದುರಿಗೆ ಬಲ್ಬಿನ ಬಿಳಿ ಪ್ಲಾಸ್ಟಿಕ್ ಬುಡ. ಅದರ ಅಂಚಿನಿಂದ ಒಂದು ಗೆರೆಯಷ್ಟು ಬೆಳಕು ಗೂಡಿನ ಕಲ್ಲಿಗೆ ಬಿದ್ದಿತ್ತು, ಖೋಲಿಯೆಲ್ಲ ಕತ್ತಲು. ಎಲ್‌ಇಡಿ ಬಲ್ಬು ಮುಂದಕ್ಕೆ ಮಾತ್ರ ಉರಿಯುತ್ತದೆ, ಅರ್ಧ ಮೈ ಮುಚ್ಚಿರುತ್ತದೆ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ತಿಂಗಳುಗಟ್ಟಲೆ ಪರೀಕ್ಷೆ ಮಾಡಿದ ನನ್ನ ಗಂಡನಿಗೂ ಹೊಳೆದಿರಲಿಲ್ಲ, ನಮ್ಮ ಮನೆಯಲ್ಲಿ ಬಲ್ಬಿನ ಹಿಂದೆ ಯಾರೂ ಕೂತಿರಲಿಲ್ಲವಲ್ಲ.

ಹೊರಗೆ ಬಂದು ಆಕೆಯ ಪಕ್ಕ ಕೂತೆ. "ಯಾಕ ಹೇಳ್ಲಿಲ್ಲ ನೀ?" ಎಂದು ಕೇಳಿದೆ.

"ಏನಂತ ಹೇಳ್ಲಿ? ನಿಮ್ಮ ಬೆಳಕು, ನಿಮ್ಮ ಬಿಲ್ಲು. ಹಂಚ್ಕೊಂಡು ನಿಮಗ ಸಾಕಾಗ್ಯದ ಅಂತ ತಿಳದೆ." ದೊಡ್ಡವ್ವ ಬಲೆಯಿಂದ ಕಣ್ಣೆತ್ತಲಿಲ್ಲ. "ಬಲ್ಬಿನ ಬೆನ್ನು ನೋಡ್ಕೋತ ಕೂಡೋದು ಯಾಕಂತ ಚೀಲ ಹಾಕ್ದೆ."

ಅಯ್ಯೋ ಎನ್ನಿಸಿತು. ಅಳಿಯ ಬಂದು ಬೆಳಕನ್ನು ತಮ್ಮ ಕಡೆ ತಿರುಗಿಸಿ ಹೋದ, ಅವ್ವ ಬಾಯಿಬಿಟ್ಟು ಹೇಳಲಾರದೆ ಹೀಗೆ ಮಾಡಿಸಿದಳು ಎಂದು ಆಕೆ ತಿಳಿದಿದ್ದಳು. ಹಾಗಲ್ಲ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ, "ಇರ್ಲಿ ಬಿಡು, ಇಷ್ಟು ವರ್ಷ ಸಿಕ್ಕಿತಲ್ಲ" ಎಂಬ ಒಂದೇ ಮಾತು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಆಕೆ ತಟ್ಟುತ್ತಿದ್ದ ರೊಟ್ಟಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಆ ಗೂಡಿನ ಕಲ್ಲು ಯಾರು ತೆಗದಾರ ಗೊತ್ತೇನು ನಿನಗ?" ಎಂದು ಕೇಳಿದಳು. ನಾನು ಗೊತ್ತಿಲ್ಲವೆಂದೆ.

ಅವ್ವ ಹೇಳಿದ್ದು ಇದು. ನಾನು ಹುಟ್ಟುವ ಸಂಜೆ ಮಳೆ ಹಿಡಿದಿತ್ತು. ಅಪ್ಪ ಕಾಲುವೆ ಕೆಲಸಕ್ಕೆಂದು ದೂರ ಹೋಗಿದ್ದ. ನಮ್ಮ ಮನೆಯ ಎಣ್ಣೆ ಬಾಟ್ಲಿ ಖಾಲಿ. ಸೂಲಗಿತ್ತಿ ಕತ್ತಲಲ್ಲಿ ನನಗೇನೂ ಕಾಣುವುದಿಲ್ಲ ಎಂದು ಕೈಚೆಲ್ಲಿದಳು. ಬಾಜೂ ಮನೆಯಲ್ಲಿ ಇದ್ದದ್ದು ಒಂದೇ ಚಿಮಣಿ, ಅದನ್ನು ಎತ್ತಿ ತರುವಂತಿರಲಿಲ್ಲ. ಅಲ್ಲಿ ದೊಡ್ಡವ್ವನ ಅತ್ತೆ ಹಾಸಿಗೆ ಹಿಡಿದು ಮಲಗಿದ್ದಳು, ಆಕೆಯ ಬಳಿಯೂ ಬೆಳಕು ಬೇಕಾಗಿತ್ತು. ಆಗ ದೊಡ್ಡವ್ವ ತನ್ನ ಗಂಡನಿಗೆ ಹಾರೆ ಕೊಟ್ಟು ಗೂಡಿನ ಹಿಂದಿನ ಕಲ್ಲು ಕೀಳಿಸಿದಳು. ಚಿಮಣಿಯನ್ನು ನಡುವೆ ಇಟ್ಟಳು. ಆ ಕಡೆ ಅತ್ತೆಗೂ ಬೆಳಕು, ಈ ಕಡೆ ಅವ್ವನಿಗೂ ಬೆಳಕು.

"ನೀ ಕಣ್ಣು ಬಿಟ್ಟಿದ್ದು ಆಕಿ ಚಿಮಣಿ ಬೆಳಕಿನಾಗ. ಕಲ್ಲು ಮತ್ತ ಇಡಬೇಕಂತ ಅವ್ರೂ ಅನ್ಲಿಲ್ಲ, ನಾವೂ ಅನ್ಲಿಲ್ಲ. ಕರೆಂಟ್ ಬರೋತನಕ ಆ ಗೂಡಿನಾಗ ಉರಿದದ್ದು ಆಕಿ ಚಿಮಣಿನೇ. ಎಣ್ಣಿ ಎಷ್ಟು ಹೋಗ್ತದಂತ ಒಂದ್ ದಿನ ಬಾಯಿ ಬಿಟ್ಟಿಲ್ಲ."

ಆ ಚಿಮಣಿ ನನಗೆ ನೆನಪಿದೆ. ಅದರ ಕೆಳಗೆ ಕೂತು ಮಗ್ಗಿ ಬರೆದಿದ್ದೇನೆ, ಗಾಜಿಗೆ ಬಿದ್ದ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಮೀಸೆ ಬರೆದುಕೊಂಡಿದ್ದೇನೆ. ಅದು ನಮ್ಮದೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಮೈಯೆಲ್ಲ ಬೆಚ್ಚಗಾದಂತಾಯಿತು. ನಾಚಿಕೆಯಲ್ಲ ಅದು, ನನ್ನ ಪಾಲಿಗೆ ಇಷ್ಟೊಂದು ಬಂದಿದೆ ಎಂದು ಮೊದಲ ಸಲ ಗೊತ್ತಾದ ಸಂತೋಷ. ಅಂಥಾಕೆ ಈಗ ಹೊಸ್ತಿಲ ಹೊರಗೆ ಕೂತು, ಬೆಳಕು ಮುಗಿಯುವುದರೊಳಗೆ ಬಲೆ ಮುಗಿಸಲು ಒದ್ದಾಡುತ್ತಿದ್ದಳು.

ಗಂಡನಿಗೆ ಫೋನು ಮಾಡಿ ಹೇಳಿದೆ. "ಅದಕ್ಕ ಬೆನ್ನು ಅದ ಅಂತ ನನಗ ಹೊಳೀಲೇ ಇಲ್ಲ ನೋಡು" ಎಂದರು ಮೆಲ್ಲಗೆ. ಆಮೇಲೆ ಅವರ ಬುದ್ಧಿ ತನ್ನ ದಾರಿಗೆ ಬಂತು. "ಎರಡು ಬಲ್ಬು ಬೆನ್ನಿಗಿ ಬೆನ್ನು ಕೊಟ್ಟು ಕೂಡಿಸಿದ್ರ? ಒಂಬತ್ತು, ಒಂಬತ್ತು, ಹದಿನೆಂಟು ವ್ಯಾಟ್. ಹಳೀದು ಅರವತ್ತು ತಿಂತಿತ್ತು. ಇಬ್ಬರಿಗೂ ಮೊದಲಿಗಿಂತ ಹೆಚ್ಚು ಬೆಳಕು, ಅದರ ಮೂರನೇ ಪಾಲೂ ಖರ್ಚಿಲ್ಲ." ಆ ಲೆಕ್ಕ ಕೇಳಿ ನನಗೆ ಮೊದಲ ಬಾರಿಗೆ ಅಳು ಬಂತು. ಮಾರನೆಯ ದಿನವೇ ರಜೆ ಹಾಕಿ, ಸುರಪುರದಲ್ಲಿ ಇಳಿದು ಹೋಲ್ಡರು, ವೈರು, ಇನ್ನೊಂದು ಬಲ್ಬು ಕೊಂಡು ಊರಿಗೆ ಬಂದರು.

ದೊಡ್ಡವ್ವ ಬೇಡವೆಂದಳು. ಗೋಣಿಚೀಲದ ಆಚೆಯಿಂದ ಆಕೆಯ ದನಿ ಮಾತ್ರ ಬಂತು.

"ನಿಮ್ಮ ಬಲ್ಬಿನ ಬೆಳಕು ಈ ಕಡಿ ಬೀಳ್ತಿತ್ತು, ಅದು ಕೂಡಿ ಉಂಡಂಗ. ನನ್ನ ಸಲುವಾಗಿ ಬ್ಯಾರೆ ಬಲ್ಬು ಹಾಕಿದ್ರ ಅದು ನೀಡಿದಂಗ ಆಗ್ತದ. ಯಾರರೆ ನೀಡಿದ್ದು ನಾ ತಗೊಂಡಾಕಿ ಅಲ್ಲ. ಸಿಟ್ಟಿಗೇಳಬ್ಯಾಡ್ರಿ ಅಳಿಯಾ."

ಕೈಯಲ್ಲಿ ಹೋಲ್ಡರು ಹಿಡಿದುಕೊಂಡು ನನ್ನ ಗಂಡ ನನ್ನ ಮುಖ ನೋಡಿದರು. ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ನಾನೂ ಆಕೆಯ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ.

ಆಗ ಅವ್ವ ಬಾಗಿಲ ಮರೆಯಿಂದ ಹೊರಗೆ ಬಂದಳು. ಸೆರಗು ಸರಿಪಡಿಸಿಕೊಂಡು, ಜೀವನದಲ್ಲಿ ಮೊದಲ ಸಲ ಅಳಿಯನ ಎದುರಿಗೇ ನಿಂತು ಕೇಳಿದಳು: "ಬಟನ್ ಆ ಕಡಿ ಗ್ವಾಡಿಗಿ ಹಾಕಾಕ ಬರ್ತದೇನ್ರಿ?"

"ಬರ್ತದ್ರಿ" ಎಂದರು ಇವರು.

"ಎರಡೂ ಬಲ್ಬಿಗಿ ಒಂದೇ ಬಟನ್?"

"ಹೌದ್ರಿ, ಆಗ್ತದ."

ಅವ್ವ ಗೂಡಿಗೆ ಬಾಯಿ ಹಚ್ಚಿ ಹೇಳಿದಳು: "ಯಕ್ಕಾ, ಕೇಳಸ್ತೇನು? ಈ ಕಡಿ ಬಟನ್ ತೆಗೆಸಾಕತ್ತೇನಿ. ಇನ್ಮ್ಯಾಲ ನೀ ಹಚ್ಚಿದ್ರ ನನ್ನ ಮನಿಗಿ ಬೆಳಕು, ಇಲ್ಲಂದ್ರ ಇಲ್ಲ. ಮೊದಲ ಹಂಗೇ ಇತ್ತಲ್ಲ."

ಗೋಣಿಚೀಲ ಅಲ್ಲಾಡಿತು.

"ನಾ ಸಂತಿಗಿ ಹೋದ್ರ?" ಎಂದು ದನಿ ಬಂತು.

"ನೀ ಬರೋತನಕ ಕತ್ತಲಾಗ ಕೂಡ್ತೀವಿ."

ಗೋಣಿಚೀಲ ಸರಿಯಿತು. ದೊಡ್ಡವ್ವನ ಮುಖ ಗೂಡಿನಲ್ಲಿ ಕಾಣಿಸಿತು. ಕಣ್ಣು ಒದ್ದೆಯಾಗಿತ್ತು, ಆದರೂ ಮಾತು ಬಿರುಸೇ ಇತ್ತು. "ನಿನ್ನ ಸೊಸಿ ರಾತ್ರಿತನಕ ಟಿವಿ ನೋಡ್ತಾಳ, ಆಕಿ ಸಲುವಾಗಿ ನಾ ಎಚ್ಚರ ಇರಾಕಿ ಅಲ್ಲ ಮತ್ತ" ಎಂದಳು. ಅವ್ವ ನಕ್ಕಳು. ನನ್ನ ಗಂಡ ಅಷ್ಟರಲ್ಲಿ ಸ್ಕ್ರೂ ಬಿಚ್ಚಲು ಶುರುಮಾಡಿದ್ದರು.

ಅದಾಗಿ ವರ್ಷಗಳಾದವು. ದೊಡ್ಡವ್ವನ ಮನೆಯ ಕಾಗದ ಸರಿಯಾಗಿ, ಈಗ ಆಕೆಗೂ ಸ್ವಂತ ಮೀಟರು ಬಂದಿದೆ, ಮುಂದಿನ ಖೋಲಿಗೆ ಟ್ಯೂಬ್‌ಲೈಟೂ ಇದೆ. ಗೂಡಿನ ಎರಡು ಬಲ್ಬುಗಳನ್ನು ಮಾತ್ರ ಯಾರೂ ಮುಟ್ಟಿಲ್ಲ. ಒಂದು ಸಲ ಒಂದು ಕೆಟ್ಟಿತ್ತು, ಆಕೆಯೇ ದೇವಾಪುರದಿಂದ ತಂದು ಹಾಕಿಸಿದಳಂತೆ. ಅದು ಯಾವ ಕಡೆಯದು ಎಂದು ಕೇಳಿದರೆ ಅವ್ವನಿಗೆ ನೆನಪಿಲ್ಲ.

ಮೊನ್ನೆ ಹೋಗಿದ್ದೆವು. ಹೊತ್ತು ಮುಳುಗಿ ಖೋಲಿಯಲ್ಲಿ ಮುಖ ಕಾಣದಷ್ಟಾಗಿತ್ತು. ನನ್ನ ಗಂಡ ರೂಢಿಯಂತೆ ಗೋಡೆಯ ಮೇಲೆ ಕೈಯಾಡಿಸಿದರು. ಅಲ್ಲಿ ಹಳೆಯ ಸ್ವಿಚ್ಚಿದ್ದ ಕಡೆ ಸಿಮೆಂಟು ಮೆತ್ತಿದೆ. ನೆನಪಾಗಿ ಕೈ ಕಟ್ಟಿಕೊಂಡು ಕೂತರು. ಅವ್ವ ಹಿಟ್ಟಿನ ಕೈಯಲ್ಲೇ ಗೂಡಿನ ಕಡೆ ತಿರುಗಿ, "ಯಕ್ಕಾ, ನಿನ್ನ ಮಗಳು ಬಂದಾಳ" ಎಂದು ಕೂಗಿದಳು.

ಆ ಕಡೆ ಸ್ವಿಚ್ಚಿನ ಸಪ್ಪಳವಾಯಿತು, ಬೆಳಕು ಬಂದು ನನ್ನ ಮೈಮೇಲೆ ಬಿತ್ತು.